ಇಲಿಗಳ ಕೊನೆಯ ಪರೀಕ್ಷೆ

ಹಾಲಿನ ಪುಡಿಯ ಡಬ್ಬ ಖಾಲಿಯಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಪ್ರಯೋಗಾಲಯದ ಕಪಾಟು ತೆರೆದ ಇಲಿ ಡಾಕ್ಟರು ಡಬ್ಬವನ್ನು ಬೋರಲು ಹಾಕಿ ನಾಲ್ಕು ಸಲ ತಳ ತಟ್ಟಿದಳು. ಒಂದು ಚಿಟಿಕೆ ಉದುರಿತು.

ಇಲಿ ಡಾಕ್ಟರು ಎಂಬುದು ಬಂಧುಗಳು ಇಟ್ಟ ಹೆಸರು. ಆಕೆ ಇನ್ನೂ ಯಾವ ಡಾಕ್ಟರೂ ಅಲ್ಲ. ಔಷಧಿಗಳು ಮಿದುಳಿನ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು, ಅಂದರೆ ನ್ಯೂರೋಫಾರ್ಮಕಾಲಜಿಯನ್ನು, ಮೂವತ್ತೆಂಟರ ವಯಸ್ಸಿನಲ್ಲಿ ಎಂ.ಎಸ್ಸಿ.ಗೆ ಓದುತ್ತಿದ್ದ ಗೃಹಿಣಿ. "ಈ ವಯಸ್ಸಲ್ಲಿ ಇದೆಲ್ಲ ಯಾಕೆ?" ಎಂದು ಗಂಡನ ಕಡೆಯವರೆಲ್ಲ ಮೂಗು ಮುರಿದಾಗ, "ಓದಲಿ ಬಿಡಿ, ಅಡುಗೆ ನಾನು ನೋಡ್ಕೋತೀನಿ" ಎಂದು ಗಟ್ಟಿಯಾಗಿ ನಿಂತವರು ಅತ್ತೆ ಒಬ್ಬರೇ. ಈಗಾಗಲೇ ಎರಡು ಸಲ ಗಡುವು ಮುಂದೆ ಹಾಕಿಸಿಕೊಂಡದ್ದಾಗಿತ್ತು. ಇವತ್ತು ನಾಲ್ಕು ಗಂಟೆಯೊಳಗೆ ಕೊನೆಯ ಪರೀಕ್ಷೆಯ ಅಂಕಿಗಳು ಗೈಡ್ ಪ್ರೊಫೆಸರರ ಮೇಜು ಸೇರದಿದ್ದರೆ ಪದವಿಯ ಆಸೆಗೆ ಎಳ್ಳುನೀರು ಬಿಟ್ಟಂತೆಯೇ.

ಪರೀಕ್ಷೆ ಆಕೆಗಲ್ಲ, ಇಲಿಗಳಿಗೆ. ದುಂಡನೆಯ ದೊಡ್ಡ ತೊಟ್ಟಿಯಲ್ಲಿ, ನೀರಿನ ಮಟ್ಟಕ್ಕಿಂತ ಒಂದು ಬೆರಳು ಕೆಳಗೆ, ಒಂದು ಪುಟ್ಟ ಮಣೆ ಅಡಗಿರುತ್ತದೆ. ಅದು ಎಲ್ಲಿದೆ ಎಂದು ಹನ್ನೆರಡು ಇಲಿಗಳಿಗೂ ವಾರದ ಹಿಂದೆ ಕಲಿಸಿಯಾಗಿತ್ತು. ಆಮೇಲೆ ಕೆಳಸಾಲಿನ ಬೋನುಗಳಲ್ಲಿದ್ದ ಆರಕ್ಕೆ ನೆನಪು ಉಳಿಸುವ ಔಷಧಿ, ಮೇಲ್ಸಾಲಿನ ಆರಕ್ಕೆ ಬರೀ ಉಪ್ಪುನೀರು. ಯಾರಿಗೆ ಜಾಗ ನೆನಪಿದೆಯೋ ಅವರು ಬೇಗ ಈಜಿ ಮಣೆ ಹತ್ತುತ್ತಾರೆ. ಮಣೆ ಕಣ್ಣಿಗೆ ಬಿದ್ದರೆ ನೆನಪಿಗೇನು ಕೆಲಸ? ಅದಕ್ಕೇ ನೀರಿಗೆ ಹಾಲಿನ ಪುಡಿ ಕಲಸಿ ಬೆಳ್ಳಗೆ ಮಾಡಬೇಕು.

"ಡಬ್ಬದಲ್ಲಿದ್ದ ಪುಡಿ ಎಲ್ಲಿ ಹೋಯ್ತು?"

ಪಕ್ಕದ ಮೇಜಿನ ಸೀನಿಯರ್ ಕೈಯಲ್ಲಿದ್ದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ. "ಅದು ಟೀಗೆ ಅಂತ ಇಟ್ಟಿದ್ದಲ್ವಾ?"

"ಪ್ರಯೋಗಕ್ಕೆ ಮಾತ್ರ ಅಂತ ದಪ್ಪಗೆ ಬರೆದಿದ್ನಲ್ರೀ!"

"ಟೀ ಇಲ್ದೆ ಇಲ್ಲಿ ಯಾವ ಪ್ರಯೋಗ ನಡೆಯುತ್ತೆ ಹೇಳಿ, ಮೇಡಂ."

ಎದುರಿನ ಅಂಗಡಿಗೆ ಅವತ್ತೇ ಬಣ್ಣ ಬಳಿಯುತ್ತಿದ್ದರು; ಬಾಗಿಲಿಗೆ ಏಣಿ ಅಡ್ಡ ನಿಂತಿತ್ತು. ದಿಕ್ಕು ತೋಚದೆ ಆಕೆ ಮನೆಗೆ ಫೋನ್ ಮಾಡಿದಳು.

"ಎರಡು ಕೆಜಿನಾ? ಇಲಿಗಳಿಗೆ ಅಷ್ಟೊಂದು ಹಸಿವಾ?" ಎಂದರು ಅತ್ತೆ.

"ಕುಡಿಯೋಕಲ್ಲ ಅತ್ತೆ, ಈಜೋಕೆ."

"ಆಯ್ತು, ತರ್ತೀನಿ."

ಹನ್ನೆರಡಕ್ಕೆ ಅತ್ತೆ ಎರಡು ಚೀಲ ಹೊತ್ತು ಏದುಸಿರು ಬಿಡುತ್ತಾ ಬಂದರು. ತಾವಿರುವ ಕಟ್ಟಡದ ಅಷ್ಟೂ ಮನೆಗಳ ಹಾಲಿನ ಪುಡಿಯ ಡಬ್ಬಗಳು ಅವುಗಳಲ್ಲಿದ್ದವು. "ಮೂರನೇ ಮಹಡಿಯವಳು ಕೇಳಿದ್ಲು ಕಣೇ, ಹಾಲಲ್ಲಿ ಈಜಿದ್ರೆ ಬುದ್ಧಿ ಚುರುಕಾಗುತ್ತಾ ಅಂತ. ಅವಳ ಮಗ ಗಣಿತದಲ್ಲಿ ಫೇಲಂತೆ."

ಸೊಸೆ ಒಂದೊಂದೇ ಡಬ್ಬ ಸುರಿದು ಕೋಲಿನಿಂದ ಕದಡಿದಳು. ನೀರು ಬೆಳ್ಳಗಾಯಿತು. ಆಮೇಲೆ ಉಬ್ಬತೊಡಗಿತು. ನೋಡನೋಡುತ್ತಿದ್ದಂತೆ ತೊಟ್ಟಿಯ ಅಂಚು ದಾಟಿ ನೊರೆ ನೆಲಕ್ಕಿಳಿದು, ಸೀನಿಯರ್‌ನ ಚಪ್ಪಲಿಯನ್ನು ತೇಲಿಸಿಕೊಂಡು ಹೊರಟಿತು. ಮೂರನೇ ಮಹಡಿಯಾಕೆ ಅವಸರದಲ್ಲಿ ಬಟ್ಟೆ ಸೋಪಿನ ಪುಡಿ ಕೊಟ್ಟು ಕಳಿಸಿದ್ದಳು.

ತೊಟ್ಟಿ ಖಾಲಿ ಮಾಡಿ, ತೊಳೆದು, ಹೊಸ ನೀರು ತುಂಬುವಷ್ಟರಲ್ಲಿ ಒಂದೂವರೆ. ನೀರು ಕನ್ನಡಿಯಂತೆ ತಿಳಿಯಾಗಿತ್ತು, ಪುಡಿ ಮಾತ್ರ ಒಂದು ಚಮಚವೂ ಉಳಿದಿರಲಿಲ್ಲ.

"ಅತ್ತೆ, ಹಾಸ್ಟೆಲ್ ಅಡುಗೆಮನೆಯಲ್ಲಿ ಕೇಳ್ಕೊಂಡು ಬರ್ತೀನಿ. ಇಲಿಗಳನ್ನ ಸ್ವಲ್ಪ ನೋಡ್ಕೊಂಡಿರಿ."

"ಹೋಗು ಹೋಗು, ನಾನಿಲ್ವಾ?"

ಹಾಸ್ಟೆಲ್ ಅಡುಗೆಯವರು ಒಳ್ಳೆಯ ಮನುಷ್ಯ. ಪುಡಿ ಬೇಕಾದಷ್ಟಿತ್ತು, ಉಗ್ರಾಣದ ಬೀಗದ ಕೈ ಎಲ್ಲಿಟ್ಟೆ ಎಂಬುದು ಮಾತ್ರ ಅವರಿಗೆ ನೆನಪಿರಲಿಲ್ಲ. ಹುಡುಕುತ್ತಾ ಹುಡುಕುತ್ತಾ ತಮ್ಮ ಮರೆವಿಗೆ ಏನಾದರೂ ಮದ್ದಿದೆಯೇ ಎಂದು ವಿಚಾರಿಸಿದರು. "ಇವತ್ತು ಸಂಜೆ ಗೊತ್ತಾಗುತ್ತೆ ಅಣ್ಣಾ, ಮೊದಲು ಕೀ ಹುಡುಕಿ" ಎಂದು ಆಕೆ ಅಂಗಲಾಚಿದಳು. ಕೀ ಅವರ ಸೊಂಟದಲ್ಲೇ ಇತ್ತು.

ಓಡಿ ಬಂದಾಗ ಎರಡೂವರೆ ದಾಟಿತ್ತು. ಅತ್ತೆ ತೋಳು ಒರೆಸಿಕೊಳ್ಳುತ್ತಾ ಕುರ್ಚಿಯಲ್ಲಿ ಕೂತಿದ್ದರು. ಪುಡಿ ಕಲಸಿ, ಇಲಿಗಳನ್ನು ಒಂದೊಂದಾಗಿ ಬಿಟ್ಟು, ಆಕೆ ಗಡಿಯಾರದ ಗುಂಡಿ ಒತ್ತಿದಳು. ಮೇಲ್ಸಾಲಿನವು ದಾರಿ ತಪ್ಪಿದ ನೆಂಟರಂತೆ ಸುತ್ತಿದ್ದೇ ಸುತ್ತಿದ್ದು: ಐವತ್ತು ಸೆಕೆಂಡು, ಅರವತ್ತು, ಒಂದಂತೂ ಮಣೆ ಹತ್ತಲೇ ಇಲ್ಲ. ಕೆಳಸಾಲಿನವು ನೆಟ್ಟಗೆ ಹೋಗಿ ಹತ್ತಿ ಕೂತವು. ಆರು ಸೆಕೆಂಡು. ಏಳು. ಮತ್ತೆ ಆರು. ಆಕೆ ಪ್ರತಿಯೊಂದು ಅಂಕಿಯನ್ನೂ ಎರಡೆರಡು ಸಲ ನೋಡಿ ಬರೆದುಕೊಂಡಳು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಗೈಡ್ ಹಾಳೆ ನೋಡಿ ಕನ್ನಡಕ ತೆಗೆದರು. "ಇಷ್ಟು ಸ್ಪಷ್ಟವಾದ ಫಲಿತಾಂಶ ನನ್ನ ಸರ್ವಿಸಲ್ಲೇ ನೋಡಿಲ್ಲಮ್ಮ" ಎಂದು ಸಹಿ ಹಾಕಿದರು. ಎರಡು ವರ್ಷದಲ್ಲಿ ಅವರು ನಕ್ಕಿದ್ದು ಅದೇ ಮೊದಲು.

ಬಸ್ಸಿನಲ್ಲಿ ಆಕೆಗೆ ಅಳುವೇ ಬಂತು. "ನೀವಿಲ್ದಿದ್ರೆ ಇದು ಆಗ್ತಾನೇ ಇರಲಿಲ್ಲ ಅತ್ತೆ."

"ನಾನೇನು ಮಾಡಿದೆ ಬಿಡು," ಎಂದರು ಅತ್ತೆ ಸಂಕೋಚದಿಂದ. "ಆ ಮಣೆ ಎಲ್ಲಿದೆ ಅಂತ ಒಂದೊಂದಕ್ಕೆ ಮೂರ್ಮೂರು ಸಲ ಈಜಿಸಿ ತೋರಿಸಿದೆ, ಅಷ್ಟೇ. ಪರೀಕ್ಷೆಗೆ ಮುಂಚೆ ಮಕ್ಕಳ ಹತ್ರ ಒಂದ್ಸಲ ಪಾಠ ಒಪ್ಪಿಸಿಕೊಳ್ಳೋದಿಲ್ವಾ, ಹಂಗೆ. ಒರೆಸಿ ಬೆಚ್ಚಗೆ ಮಲಗಿಸಿದ್ದೆ."

"ಎಲ್ಲದಕ್ಕೂ ತೋರಿಸಿದ್ರಾ?"

"ಇಲ್ಲ ಕಣೇ. ಮೇಲಿನ ಸಾಲು ನನ್ನ ಕೈಗೆ ಎಟುಕಲಿಲ್ಲ. ಸ್ಟೂಲ್ ಹುಡುಕೋವಷ್ಟರಲ್ಲಿ ನೀನು ಬಂದೇಬಿಟ್ಟೆ."

"ಯಾರಾದ್ರೂ ನೋಡಿದ್ರಾ?"

"ಯಾರಿದ್ರು ಅಲ್ಲಿ? ಎಲ್ಲರೂ ಟೀಗೆ ಹೋಗಿದ್ರು."

ಎರಡು ನಿಲ್ದಾಣ ದಾಟಿದವು. ಇಲಿಗಳನ್ನು ಮಣೆ ಹತ್ತಿಸಿದ್ದು ಔಷಧಿಯಲ್ಲ, ಅತ್ತೆಯ ಪಾಠ. ಹಾಳೆಯ ಮೇಲೆ ಸಹಿ ಬಿದ್ದಾಗಿದೆ. ಗೊತ್ತಿರುವುದು ಇಬ್ಬರಿಗೆ, ಅದರಲ್ಲಿ ಒಬ್ಬರಿಗೆ ತಮಗೇನು ಗೊತ್ತು ಎಂಬುದೇ ಗೊತ್ತಿಲ್ಲ. ಸುಮ್ಮನಿದ್ದುಬಿಡಲೇ ಎಂದು ಆಸೆಯಾಯಿತು, ಬಹಳವೇ ಆಸೆಯಾಯಿತು. ಬೀಗದ ಕೈ ಹುಡುಕುತ್ತಿದ್ದ ಅಡುಗೆಯವರ ಮುಖ ಕಣ್ಣ ಮುಂದೆ ಬಂತು. ನಾಳೆ ಈ ಮದ್ದನ್ನು ನಂಬಿ ನುಂಗುವವರು ಅಂಥವರೇ. ಆಕೆ ನಿಟ್ಟುಸಿರು ಬಿಟ್ಟು ಎದ್ದಳು.

"ಎಲ್ಲಿಗೆ ಹೊರಟೆ?"

"ವಾಪಸ್ ಕಾಲೇಜಿಗೆ, ಅತ್ತೆ. ಗೈಡ್ ಹತ್ರ ಹೇಳ್ಬೇಕು, ಕೆಳಗಿನ ಆರಕ್ಕೆ ಮಾತ್ರ ತೋರಿಸಿದ್ದು ಅಂತ."

ಅತ್ತೆಯೂ ಚೀಲ ಎತ್ತಿಕೊಂಡು ಎದ್ದರು. ಸೊಸೆಯ ನ್ಯಾಯಬುದ್ಧಿಗೆ ಅವರ ಕಣ್ಣು ತುಂಬಿತ್ತು.

"ಅದೂ ನಿಜ, ಪಾಪ, ಭೇದ ಮಾಡಬಾರದು. ಇರು, ನಾನೂ ಬರ್ತೀನಿ. ನೀನು ಅವರ ಹತ್ರ ಮಾತಾಡ್ತಿರು, ಅಷ್ಟರಲ್ಲಿ ಮೇಲಿನ ಆರಕ್ಕೂ ತೋರಿಸ್ಬಿಡ್ತೀನಿ."