ಸೀಲಿಲ್ಲದ ಪಾವು

ಹಾಸನದಲ್ಲಿ ಅಳತೆ-ತೂಕದ ಆಫೀಸಿನಲ್ಲಿ ಹದಿನೆಂಟು ವರ್ಷ ಗುಮಾಸ್ತಿಕೆ ಮಾಡಿದ ಮಹಾಪುರುಷ ನಾನು! ನನ್ನ ರಿಜಿಸ್ಟರಿಗೆ ಏರದ ಲೀಟರು ಲೀಟರೇ ಅಲ್ಲ! ಅಂಥ ನನ್ನ ಮನೆಯಲ್ಲೇ ಸರ್ಕಾರದ ಸೀಲಿಲ್ಲದ, ಸೊಟ್ಟಗಾದ ಹಿತ್ತಾಳೆ ಪಾವು! ಮೈ ಉರಿದುಹೋಯಿತು.

"ಇನ್ನು ಈ ಮನೆಯಲ್ಲಿ ಗ್ರಾಂ, ಮಿಲಿಲೀಟರ್ ಬಿಟ್ಟು ಬೇರೆ ಮಾತಿಲ್ಲ!" ಎಂದು ಘೋಷಿಸಿ, ಪಾವನ್ನು ಬೀರುವಿಗೆ ಹಾಕಿ ಬೀಗ ಜಡಿದೆ.

ಹೆಂಡತಿ ಧನಲಕ್ಷ್ಮಿ ಸೊಂಟದ ಮೇಲೆ ಕೈಯಿಟ್ಟಳು. "ಅದು ನಮ್ಮವ್ವ ಕೊಟ್ಟಿದ್ದು ಕಣ್ರೀ. ಮಧ್ಯಾನ ಊಟಕ್ಕೆ ಅವ್ವನೇ ಕೊಣನೂರಿಂದ ಬತ್ತಾವ್ಳೆ. ಆರು ಜನದ ಮುದ್ದೆಗೆ ಯಾವುದ್ರಾಗೆ ಅಳೀಲಿ?"

"ನಾನೇ ಮಾಡ್ತೀನಿ!"

ಅಲ್ಲೇ ಕೆಟ್ಟಿದ್ದು. ಅತ್ತೆ ಮಾಯಮ್ಮನವರಿಗೆ ಮದುವೆಯ ದಿನದಿಂದಲೂ ಒಂದೇ ದೂರು: ಅಳಿಯನಿಗೆ ಬಾಯಿ ಜಾಸ್ತಿ, ಕೈ ಕಡಿಮೆ. ಇವತ್ತು ಅದನ್ನು ಸುಳ್ಳು ಮಾಡಲೇಬೇಕಿತ್ತು.

"ನಾಕು ಪಾವು ಹಿಟ್ಟು, ಎಂಟು ಪಾವು ನೀರು. ಅಷ್ಟೇಯ," ಎಂದು ಧನಲಕ್ಷ್ಮಿ ಟೀವಿ ಮುಂದೆ ಕುಳಿತಳು.

ನಾಲ್ಕು ಪಾವೆಂದರೆ ಒಂದು ಸೇರು. ಸೇರೆಂದರೆ ಒಂಬೈನೂರ ಮೂವತ್ತಮೂರು ಗ್ರಾಂ ಎಂದಿತು ಮೊಬೈಲು. ಹಿಟ್ಟು ತೂಗಿದೆ. ಅದರ ಎರಡರಷ್ಟು ನೀರು, ಮಿಲಿಲೀಟರ್ ಲೆಕ್ಕದಲ್ಲಿ, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ! ಆ ದರಿದ್ರ ಮೊಬೈಲು ಹೇಳಿದ್ದು ತೂಗುವ ಸೇರು, ನಮ್ಮದು ತುಂಬಿ ಅಳೆಯುವ, ಹಿಟ್ಟು ಅಷ್ಟೊಂದು ತೂಗದ ಸೇರು ಎಂದು ನನಗೆ ಹೊಳೆಯುವಷ್ಟರಲ್ಲಿ ಹಿಟ್ಟಿನ ಕೋಲು ಪಾತ್ರೆಯೊಳಗೆ ನೆಟ್ಟಗೆ ನಿಂತಿತ್ತು. ಎಳೆದರೆ ಪಾತ್ರೆಯೂ ಜೊತೆಗೆ ಬಂತು! ನೀರು ಸುರಿದೆ, ಗಂಟುಗಂಟಾಯಿತು. ಹಿಟ್ಟು ಸುರಿದೆ, ಪಾತ್ರೆಯೇ ಸಾಲದಾಯಿತು. ಇನ್ನೂ ದೊಡ್ಡ ಪಾತ್ರೆಗೆ ಸುರಿದೆ, ಅರ್ಧ ನೆಲಕ್ಕೆ ಬಿತ್ತು. ಊರಿನ ಅಂಗಡಿಗಳನ್ನೆಲ್ಲ ನಡುಗಿಸಿದ ಆಫೀಸಿನವನಿಗೆ ರಾಗಿಹಿಟ್ಟು ಹೀಗೆ ಮಾಡಬಹುದೇ? ಅನ್ಯಾಯ!

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ! ಪಾತ್ರೆ ನೋಡಿದರು, ನೆಲ ನೋಡಿದರು, ನನ್ನ ಮೀಸೆಗೆ ಮೆತ್ತಿದ ಹಿಟ್ಟು ನೋಡಿದರು.

"ಏನ್ ಅಳಿಯಂದ್ರೇ, ಗೋಡೆಗೆ ಗಾರೆ ಕಲುಸ್ತಾ ಇದ್ದೀರಾ?"

"ನಿಮ್ಮ ಪಾವಿಗೆ ಸೀಲಿಲ್ಲ ಅತ್ತೆ. ಅದಕ್ಕೇ ಗ್ರಾಂ, ಮಿಲಿಲೀಟರಿಗೆ ಲೆಕ್ಕ ಹಾಕಿ..."

ಅತ್ತೆ ನಾನು ಕಾಫಿ ಕುಡಿದಿಟ್ಟಿದ್ದ ಲೋಟ ತೊಳೆದು ಕೈಗೆತ್ತಿಕೊಂಡರು. "ಇದ್ರಾಗೆ ಐದು ಲೋಟ ರಾಗಿಟ್ಟು, ಇದ್ರಾಗೇ ಅತ್ತು ಲೋಟ ನೀರು. ಯಾವ್ದ್ರಾಗೆ ಅಳೆದ್ರೂ ಒಂದಕ್ಕೆ ಎಲ್ಡೇ ಕಣಪ್ಪಾ. ಇದುಕ್ಯಾಕೆ ಮೊಬೈಲು?"

ಹದಿನೆಂಟು ವರ್ಷದ ಸರ್ವೀಸು ಒಂದು ಕಾಫಿ ಲೋಟದಲ್ಲಿ ಮುಳುಗಿಹೋಯಿತು!

ಅರ್ಧ ಗಂಟೆಯಲ್ಲಿ ನುಣ್ಣನೆಯ ಮುದ್ದೆ ತಯಾರು. ಎಲ್ಲರಿಗೂ ಬಡಿಸಿ ಧನಲಕ್ಷ್ಮಿ ನನ್ನ ತಟ್ಟೆಯ ಮುಂದೆ ನಿಂತಳು. "ನಿಮ್ಗೆ ಎಷ್ಟು ಗ್ರಾಂ ಇಕ್ಲಿ?"

"ಎರಡು ಮುದ್ದೆ," ಎಂದೆ ತಲೆ ತಗ್ಗಿಸಿ.

"ಇವುಕ್ಕೂ ಸೀಲಿಲ್ಲ ಕಣ್ರೀ!"

ಜೇಬಿನಿಂದ ಬೀರುವಿನ ಕೀ ತೆಗೆದು ಅವಳ ಕೈಗಿಟ್ಟೆ. ಆಮೇಲೇ ತಟ್ಟೆಗೆ ಮುದ್ದೆ ಬಿದ್ದದ್ದು.