ಜೈಲರ್ ಮನೆಗಾಡಿಗೆ ಜೀವ ಬಂತು

ಟೈಲರ್ ಕೀ ತಿರುಗಿಸಿದ್ದು ಕಿಟಕಿಯ ಗಾಜು ಇಳಿಸಲಿಕ್ಕೆ, ಅಷ್ಟೆ. ಗಾಜು ಇಳಿಯಲಿಲ್ಲ. ಇನ್ನೊಂಚೂರು ತಿರುಗಿಸಿದ. ಎಲ್ಲೋ ಒಳಗೆ 'ಟಿಕ್' ಅಂದು ಸುಮ್ಮನಾಯಿತು.

ಗಾಡಿ ನಿವೃತ್ತ ಜೈಲರದು. ಮಂಚ, ಒಲೆ, ನಲ್ಲಿ ಎಲ್ಲವೂ ಒಳಗೇ ಇದ್ದ ಮನೆಗಾಡಿ. ಹೆಂಡತಿಯ ತವರಿನವರನ್ನೆಲ್ಲ ಕೂರಿಸಿಕೊಂಡು ಒಂದು ತಿಂಗಳು ಊರೂರು ಸುತ್ತಲೆಂದು ಕೊಂಡದ್ದು. ಆದರೆ ಬಣ್ಣ, ಮೆತ್ತೆ ಅಂತ ಏನಾದರೊಂದು ಕೆಲಸ ಬಾಕಿ ಇದ್ದೇ ಇರುತ್ತಿತ್ತು. ಈಗ ಪರದೆ. ಬೆಳಿಗ್ಗೆ ಹೊರಗೆ ಹೋಗುವಾಗ ಜೈಲರ್ ಮೀಸೆ ತಿರುವಿ, "ಪರದೆ ಹೊಲಿ. ಆ ಕೀ ಮಾತ್ರ ಮುಟ್ಟಿದ್ಯೋ, ಕೈ ಇರಲ್ಲ," ಎಂದು ಹೇಳಿಯೇ ಹೋಗಿದ್ದರು. ನಮ್ಮ ಟೈಲರೋ, ತಾನೇ ಹೊಲಿದ ಖಾಕಿ ಅಂಗಿಯನ್ನು ಹ್ಯಾಂಗರಿಗೆ ಹಾಕಿ ಅದಕ್ಕೂ ಒಂದು ನಮಸ್ಕಾರ ಹೊಡೆಯುವ ಜೀವ.

ಬೆಳಿಗ್ಗೆಯಿಂದ ಹೊಲಿಗೆ ಮೆಷೀನು, ಫ್ಯಾನು, ದೀಪ ಎಲ್ಲವನ್ನೂ ಗಾಡಿಯ ಕರೆಂಟಿನಲ್ಲೇ ಓಡಿಸಿದ್ದ. ಕೀ ಬಿಟ್ಟು ಕೆಳಗಿಳಿದ.

"ಏನಯ್ಯಾ, ಮುಖ ಬಿಳುಚಿಕೊಂಡಿದೆ?" ಪಕ್ಕದ ಮನೆಯ ಹೆಡ್‌ಮಾಸ್ಟರು ಕಾಂಪೌಂಡಿನ ಮೇಲಿಂದ ಇಣುಕಿದರು.

"ಬ್ಯಾಟರಿ ಸತ್ತೋಯ್ತು ಸಾರ್. ನನ್ನ ಮೆಷೀನೇ ಅದನ್ನ ಕುಡಿದುಬಿಡ್ತು."

"ದಡ್ಡ! ದೀಪ ಉರೀತಿದೆ, ಫ್ಯಾನು ತಿರುಗ್ತಿದೆ, ಕಾಣಲ್ವಾ? ಇಂಥ ಗಾಡೀಲಿ ಎರಡು ಬ್ಯಾಟರಿ. ಮನೆಗೊಂದು, ಇಂಜಿನ್ನಿಗೊಂದು. ನೀನು ಬಳಸಿದ್ದು ಮನೇದು. ಇಂಜಿನ್ನಿಂದು ಮೊದಲೇ ಸತ್ತಿರಬೇಕು."

"ಜೈಲರಿಗೆ ಇದನ್ನ ನೀವೇ ಹೇಳ್ತೀರಾ ಸಾರ್?"

ಹೆಡ್‌ಮಾಸ್ಟರಿಗೆ ಆ ಮೀಸೆ ನೆನಪಾಯಿತು. "ನನಗೆ ಒಳಗೆ ಸ್ವಲ್ಪ ಕೆಲಸ ಇದೆ," ಎಂದರು. ಆದರೆ ತಮಾಷೆ ಬಿಟ್ಟು ಹೋಗಲಿಲ್ಲ.

ಗೇಟಿನಾಚೆ ಬಟ್ಟೆ ತೀಡುತ್ತಿದ್ದ ಇಸ್ತ್ರಿಯವನೂ ಓಡಿಬಂದ. "ಯಾಕೆ ಯೋಚನೆ ಮಾಡ್ತೀಯಣ್ಣ? ತಳ್ಳಿದ್ರೆ ತಾನಾಗೇ ಸ್ಟಾರ್ಟ್ ಆಗುತ್ತೆ."

ಹೆಡ್‌ಮಾಸ್ಟರೂ ಈಚೆ ಬಂದರು; ಇಬ್ಬರೂ ಹಿಂದಿನಿಂದ ಭುಜ ಕೊಟ್ಟರು, ಟೈಲರ್ ಡ್ರೈವರ್ ಸೀಟಿಗೆ ಹತ್ತಿದ. ಟೈಲರಿಗೆ ಗೊತ್ತಿದ್ದ ಪೆಡಲು ಹೊಲಿಗೆ ಮೆಷೀನಿನದೊಂದೇ. ಕಾಲಿಗೆ ಸಿಕ್ಕಿದ್ದನ್ನೆಲ್ಲ ಅದೇ ಲಯದಲ್ಲಿ ತುಳಿದ. ಗಾಡಿ ಇಳಿಜಾರಿನಲ್ಲಿ ಉರುಳಿ, ಜೈಲರ ಹೆಂಡತಿಯ ಗುಲಾಬಿ ಕುಂಡವನ್ನು ಪುಡಿ ಮಾಡಿ ನಿಂತಿತು.

"ಈಗ ಎರಡು ಕೇಸು," ಎಂದರು ಹೆಡ್‌ಮಾಸ್ಟರು.

ಟೈಲರಿಗೆ ಕಣ್ಣು ಕತ್ತಲೆ ಬಂತು. ಆ ಕತ್ತಲೆಯಲ್ಲೇ ಅಕ್ಕನ ಗಂಡನ ಬ್ರೆಡ್ ವ್ಯಾನು ಹೊಳೆಯಿತು. ಭಾವ ಮಧ್ಯಾಹ್ನ ಮಲಗಿದರೆ ಏಳುವುದು ಸಂಜೆ ಬ್ರೆಡ್ ತುಂಬುವ ಹೊತ್ತಿಗೇ. ಕೋಪದಲ್ಲಿ ಜೈಲರಿಗಿಂತ ಒಂದು ಗುಲಗಂಜಿಯಷ್ಟು ಕಡಿಮೆ. ಜೈಲರ್ ಬಂದು ಒಂದು ಸಲ ಸ್ಟಾರ್ಟ್ ಮಾಡಿ ನೋಡಿ ಒಳಗೆ ಹೋದರೆ ಸಾಕು, ಭಾವ ಏಳುವ ಮೊದಲೇ ವಾಪಸ್ ಇಟ್ಟರಾಯಿತು ಎಂದುಕೊಂಡ.

ಸತ್ತ ಬ್ಯಾಟರಿಯನ್ನು ಬಿಚ್ಚಿ, ಕೊರಳಲ್ಲಿದ್ದ ಟೇಪಿನಿಂದ ಅಳೆದು, ಇಸ್ತ್ರಿ ಗಾಡಿಯಲ್ಲಿ ಹೇರಿಕೊಂಡು ಅಕ್ಕನ ಮನೆಗೆ ಹೋದ. ವ್ಯಾನಿನದನ್ನೂ ಅಳೆದ. ಅಣ್ಣತಮ್ಮಂದಿರ ಅಂಗಿಯ ಹಾಗೆ ಎರಡೂ ಒಂದೇ ಅಳತೆ. ಕಳ್ಳರಿಗೆ ಹೆದರಿ ಭಾವ ತನ್ನ ಬ್ಯಾಟರಿಯ ಮೇಲೆ ಗುರುತಿಗೆಂದು ಬಿಳಿ ಬಣ್ಣದಲ್ಲಿ ದೊಡ್ಡ ಬ್ರೆಡ್ಡೊಂದನ್ನು ಬರೆದಿದ್ದ. ಬಿಚ್ಚುತ್ತಿರುವಾಗ ಒಳಗೆ ಭಾವನ ಗೊರಕೆ ನಿಂತಿತು. ಟೈಲರನ ಉಸಿರೂ ನಿಂತಿತು. ಗೊರಕೆ ಮತ್ತೆ ಹೊರಟ ಮೇಲೆ, ಸತ್ತದ್ದನ್ನು ಅಲ್ಲಿಟ್ಟು ಜೀವವಿದ್ದದ್ದನ್ನು ಎತ್ತಿಕೊಂಡು ಓಡಿದ.

ಜೋಡಿಸಿ ಕೀ ತಿರುಗಿಸಿದ್ದೇ ತಡ, ಮನೆಗಾಡಿ ಗುಡುಗಿತು. ಅದೇ ಹೊತ್ತಿಗೆ ಜೈಲರ್ ಗೇಟಿನಲ್ಲಿ ನಿಂತಿದ್ದರು.

ಬೈಗುಳಕ್ಕೆ ಬಾಯಿ ತೆರೆದಿದ್ದರೋ ಏನೋ, ಮಹಡಿಯ ಕಿಟಕಿ ಧಡಾರನೆ ತೆರೆಯಿತು. "ರೀ! ಸ್ಟಾರ್ಟ್ ಆಯ್ತಾ? ಯಾವ ಮೆಕ್ಯಾನಿಕ್ ಕೈಲೂ ಆಗಲ್ಲ ಅಂದಿದ್ರಲ್ಲ! ಅಮ್ಮಾ, ಚಿಕ್ಕಮ್ಮಾ, ಪೆಟ್ಟಿಗೆ ತಗೊಂಡು ಬನ್ನಿ!"

ಜೈಲರ ಮೀಸೆ ಜೋತುಬಿತ್ತು. ಟೈಲರನ ಕಾಲರ್ ಹಿಡಿದು ಕಿವಿಯಲ್ಲಿ ಹೇಳಿದರು: "ಎರಡು ತಿಂಗಳಿಂದ ಆ ಬ್ಯಾಟರೀನ ನಾನೇ ಜೋಪಾನವಾಗಿ ಸಾಯಿಸಿ ಇಟ್ಟಿದ್ದೆ. ಅದನ್ನ ಬದುಕಿಸು ಅಂತ ನಿನಗೆ ಯಾರಪ್ಪಾ ಹೇಳಿದ್ದು?"

"ಆಫ್ ಮಾಡಬೇಡಿ! ಮತ್ತೆ ನಿಂತುಬಿಟ್ಟೀತು," ಎನ್ನುತ್ತ ಹೆಂಡತಿ ಇಳಿದು ಬಂದರು. ಪುಡಿಯಾದ ಕುಂಡವನ್ನು ಸಂಭ್ರಮದಲ್ಲಿ ನೋಡಲೇ ಇಲ್ಲ. "ಪರದೆ ಮುಗಿದಿಲ್ವಾ ಟೈಲರೇ? ಹತ್ತಿ, ದಾರೀಲಿ ಹೊಲಿಯೋರಂತೆ."

"ಅಮ್ಮಾವ್ರೇ, ನನ್ನ ಭಾವ..."

"ಹತ್ತೋ," ಎಂದರು ಜೈಲರ್ ಹಲ್ಲು ಕಚ್ಚಿ. "ಒಂದು ತಿಂಗಳು ನಾನೊಬ್ಬನೇ ಸಾಯಬೇಕಾ?"

ಪೆಟ್ಟಿಗೆಗಳ ನಡುವೆ ಮೆಷೀನು ತಬ್ಬಿಕೊಂಡು ಟೈಲರ್ ಕುಳಿತ. ಸಂಜೆಯಾಗುವಾಗ ಗಾಡಿ ಹೊರಟು ಎರಡು ಬೀದಿ ದಾಟಿತು. ಮುಂದಿನ ತಿರುವಿನಲ್ಲಿ, ಅಕ್ಕನ ಮನೆಯೆದುರು, ಬ್ರೆಡ್ ವ್ಯಾನಿನ ಬಾನೆಟ್ಟು ತೆರೆದುಕೊಂಡು, ಲುಂಗಿ ಮೇಲೆ ಕಟ್ಟಿಕೊಂಡು ಒಬ್ಬ ರಸ್ತೆಗೆ ಅಡ್ಡ ಕೈ ಬೀಸುತ್ತಿದ್ದ.

"ಪಾಪ, ಬ್ಯಾಟರಿ ಹೋಗಿರಬೇಕು," ಎಂದರು ಜೈಲರ ಹೆಂಡತಿ.

ಪ್ರವಾಸಕ್ಕೆ ತಡವಾಗುವ ಯಾವ ಕಾರಣವಾದರೂ ಜೈಲರಿಗೆ ಸಿಹಿಯೇ. ಕೂಡಲೇ ಬ್ರೇಕ್ ಹಾಕಿದರು. "ಸಹಾಯ ಮಾಡದೆ ಹೋಗೋದು ಉಂಟಾ! ಬಾಪ್ಪಾ, ನಮ್ಮ ಬ್ಯಾಟರಿಯಿಂದ ವೈರ್ ಎಳ್ಕೊ," ಎನ್ನುತ್ತ ಇಳಿದು, ತಮ್ಮ ಕೈಯಾರೆ ಬಾನೆಟ್ಟು ಎತ್ತಿದರು.

ಭಾವ ಬಗ್ಗಿ ನೋಡಿದ. ಬಿಳಿ ಬ್ರೆಡ್ಡು ಅವನನ್ನೇ ನೋಡುತ್ತಿತ್ತು.

ಒಳಗೆ ಟೈಲರ್ ತಾನು ಹೊಲಿದ ಪರದೆಯನ್ನು ಸರಕ್ಕನೆ ಎಳೆದುಕೊಂಡ. ಹೊಲಿದು ಮುಗಿದಿದ್ದ ಪರದೆ ಅದೊಂದೇ. ಕಿಟಕಿಗಳು ಮಾತ್ರ ಆರು.