ಉಡಿ ತುಂಬಿಸಿಕೊಂಡು ಹೋದ ಲಾರಿ

ನಮ್ಮ ಕಾಕಾ ಜೀವಮಾನದಲ್ಲಿ ಒಂದು ಸೈಕಲ್ಲನ್ನೂ ತುಳಿದವರಲ್ಲ. ಆದರೂ ಶಿರಹಟ್ಟಿಯಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ ಅವರ ಅಪ್ಪಣೆಯಿಲ್ಲದೆ ಒಂದು ಲಾರಿಯೂ ತಿರುವಿನಲ್ಲಿ ಹೊರಳಿದ್ದಿಲ್ಲವೆಂದರೆ ನೀವು ನಂಬಬೇಕು! ನಂಬದಿದ್ದರೂ ಚಿಂತೆಯಿಲ್ಲ, ಅವರ ಎದುರಿಗೆ ಮಾತ್ರ ಹಾಗೆನ್ನಬೇಡಿ. ಲಾರಿ ಹೊರಳಿಸುವ ಶಾಸ್ತ್ರವನ್ನು ಆದ್ಯಂತವಾಗಿ ಕೇಳಬೇಕಾದೀತು, ಅಷ್ಟರಲ್ಲಿ ನಿಮ್ಮ ಕೊನೆಯ ಬಸ್ಸು ಹೋಗಿಬಿಟ್ಟೀತು.

ಅವರ ಮನೆಯಿರುವುದು ಊರ ನಡುವೆ, ರಸ್ತೆಯು ಮೊಣಕೈಯಂತೆ ಬಾಗುವ ಮೂಲೆಯಲ್ಲಿ. ಮನೆಯ ಮುಂದೆ ಎತ್ತರದ ಕಲ್ಲಿನ ಕಟ್ಟೆ. ಆ ಕಟ್ಟೆಯ ಮೂಗು ರಸ್ತೆಗೇ ಚಾಚಿಕೊಂಡಿದೆ. ಹೊಲವನ್ನು ಪಾಲಿಗೆ ಹಾಕಿದ ಮೇಲೆ ಕಾಕಾ ಬೆಳಿಗ್ಗೆ ಚಹಾ ಕುಡಿದವರೇ ಕಟ್ಟೆಯ ಬಳಿ ಬಂದು ನಿಲ್ಲುತ್ತಾರೆ. ಹತ್ತಿಯ ಲಾರಿ ಬರಲಿ, ಗೋವಿನಜೋಳದ ಲಾರಿ ಬರಲಿ, ಹಿಂದೆ ಎರಡು ಟ್ರೇಲರ್ ಡಬ್ಬಿ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರೇ ಬರಲಿ, ಹೆಗಲ ಮೇಲಿನ ಟವೆಲು ಕೈಗಿಳಿಯುತ್ತದೆ. ಬಲಕ್ಕೆ, ಎಡಕ್ಕೆ, ಸಾವಕಾಶ ಎಂಬ ಆಜ್ಞೆಗಳು ಹೊರಡುತ್ತವೆ. ಚಾಲಕರು ತಮ್ಮ ಕನ್ನಡಿಯನ್ನು ನೋಡಿಕೊಂಡೇ ಹೊರಳಿಸುತ್ತಿದ್ದರೆಂಬುದು ಸತ್ಯ. ಆದರೆ ಆ ಸತ್ಯವನ್ನು ಕಾಕಾನಿಗೆ ತಿಳಿಸುವ ಧೈರ್ಯ ಯಾರಿಗಿತ್ತು? ಒಮ್ಮೆ ಹೊಸಬನೊಬ್ಬ ಟವೆಲನ್ನೇ ನಂಬಿ, ಮೇವಿನ ಲಾರಿಯನ್ನು ಒಯ್ದು ವಿದ್ಯುತ್ ಕಂಬಕ್ಕೆ ಆನಿಸಿದ. ಕಾಕಾ ಎಳ್ಳಷ್ಟೂ ವಿಚಲಿತರಾಗಲಿಲ್ಲ. ಕಂಬ ನಿಂತ ಜಾಗವೇ ತಪ್ಪೆಂದು ತೀರ್ಪು ಕೊಟ್ಟರು. ಮುಂದೆ ಯಾವುದೋ ಕಾರಣಕ್ಕೆ ಆ ಕಂಬವನ್ನು ಹಿಂದಕ್ಕೆ ಸರಿಸಿ ನೆಟ್ಟಾಗ ಅವರ ಮುಖವನ್ನು ನೀವು ನೋಡಬೇಕಿತ್ತು! ಇಲಾಖೆಯೇ ತಪ್ಪೊಪ್ಪಿಕೊಂಡಿತೆಂದು ಇಂದಿಗೂ ಹೇಳುತ್ತಾರೆ.

ರಸ್ತೆಗೆ ಚಾಚಿದ ಕಟ್ಟೆಯ ಆ ಮೂಗು ಮಾತ್ರ ಕಾಕಾನ ಹೆಂಡತಿ, ನಮ್ಮ ಚಿಗವ್ವನದು. ಮೊಣಕಾಲುಗಳು ಮುನಿಸಿಕೊಂಡ ಮೇಲೆ ಆಕೆಗೆ ಗುಡಿಯಿಲ್ಲ, ಸಂತೆಯಿಲ್ಲ, ಬೀಗರ ಊರಿಲ್ಲ. ಗೋಡೆ ಹಿಡಿದು ಪಡಸಾಲೆಯಿಂದ ಕಟ್ಟೆಗೆ ಬರುವುದೇ ದಿನದ ಯಾತ್ರೆ. ಆದರೆ ಒಮ್ಮೆ ಬಂದು ಕುಳಿತರೆ ಸಾಕು, ಲೋಕವೇ ಆಕೆಯ ಬಳಿಗೆ ಬರುತ್ತದೆ. ಬಳೆಗಾರ್ತಿ ಬುಟ್ಟಿ ಇಳಿಸುತ್ತಾಳೆ, ಬಸ್ಸಿಗೆ ಕಾಯುವವರು ಸುದ್ದಿ ಇಳಿಸುತ್ತಾರೆ, ಓಣಿಯ ಸೊಸೆಯಂದಿರು ಅತ್ತೆಯರನ್ನು ಬೈದು ಹಗುರಾಗುತ್ತಾರೆ. ತೊಗರಿಬೇಳೆ ಹಸನು ಮಾಡುತ್ತ ಎಲ್ಲವನ್ನೂ ಕೇಳುವ ಚಿಗವ್ವ, ಗಂಡನ ಉದ್ಯೋಗದ ಬಗ್ಗೆ ನನಗೊಮ್ಮೆ ಹೇಳಿದಳು: "ಲಾರಿ ಓಡೂದು ಗಾಲಿ ಮ್ಯಾಲವ್ವಾ. ಇವರು ತಮ್ಮ ಬಾಯಿ ಮ್ಯಾಲ ಓಡತೈತಿ ಅಂತ ತಿಳದಾರ."

ಕಾಕಾನ ಈ ಭಕ್ತಿ ಊರಿಗಷ್ಟೇ ಸೀಮಿತವಾಗಿದ್ದರೆ ನಾವು ಪಾರಾಗುತ್ತಿದ್ದೆವು. ಬೆಟಗೇರಿಯ ನಮ್ಮ ಮನೆಯಲ್ಲಿ ನನ್ನ ಮಗನ ನಿಶ್ಚಯದ ದಿನ ಹಿರಿಯರಾಗಿ ತಾಂಬೂಲ ಬದಲಿಸಬೇಕಾದವರು ಅವರೇ. ಬಂದದ್ದು ಊಟದ ಎಲೆ ತೆಗೆಯುವಾಗ, ಧೋತರದ ತುಂಬ ಗ್ರೀಸು ಮೆತ್ತಿಕೊಂಡು! ದಾರಿಯಲ್ಲಿ ಒಂದು ಉದ್ದನೆಯ ಕಂಟೇನರ್ ಲಾರಿ ಸಂದಿಯ ಬಾಯಲ್ಲಿ ಸಿಕ್ಕಿಕೊಂಡಿತ್ತಂತೆ. ಬಿಟ್ಟು ಬರುವುದಾದರೂ ಹೇಗೆ? ಅದು ಹೇಗೆ ಸಿಕ್ಕಿತು, ಹೇಗೆ ಬಿಡಿಸಿದರು ಎಂಬ ಕಥನವನ್ನು ಹೆಣ್ಣಿನ ಕಡೆಯವರಿಗೆ ಅವರು ಸವಿಸ್ತಾರವಾಗಿ ನಿವೇದಿಸಿದರು. ಹೊರಡುವಾಗ ಬೀಗರು ನನ್ನನ್ನು ಬದಿಗೆ ಕರೆದು, ನಿಮ್ಮ ಕಾಕಾನ ಹತ್ತಿರ ಎಷ್ಟು ಲಾರಿಗಳಿವೆ ಎಂದು ಬಹಳ ಗೌರವದಿಂದ ವಿಚಾರಿಸಿದರು. ಒಂದೂ ಇಲ್ಲವೆಂದೆ. ಆ ಗೌರವ ಅಲ್ಲಿಯೇ ಇಳಿಯಿತು.

ಇಂಥ ಕಾಕಾ ಒಂದು ಲಾರಿಗೆ ಅಡ್ಡ ನಿಂತರೆಂದರೆ ಯಾರಿಗಾದರೂ ಆಶ್ಚರ್ಯವಾಗಬೇಕಲ್ಲವೆ?

ಕಪ್ಪತಗುಡ್ಡದ ಕಡೆಗೆ ಗಾಳಿಯಿಂದ ವಿದ್ಯುತ್ತು ತೆಗೆಯುವ ಫ್ಯಾನುಗಳು ಬರುತ್ತಿರುವುದು ನಮ್ಮ ಸೀಮೆಯವರಿಗೆ ಹೊಸದಲ್ಲ. ಅವುಗಳ ಉದ್ದನೆಯ ರೆಕ್ಕೆ ಹೊತ್ತ ಲಾರಿ ಈ ಸಲ ಕಾಕಾನ ಊರನ್ನು ಹಾದುಹೋಗಬೇಕಾಯಿತು. ಕಂಪನಿಯ ಸಾಹೇಬರೊಬ್ಬರು ಬಂದು ತಿರುವನ್ನು ಅಳೆದರು. ಕಟ್ಟೆಯ ಮೂಗನ್ನು ತೆಗೆಯದೆ ಲಾರಿ ಹೊರಳದು, ಲಾರಿ ದಾಟಿದ ಮೇಲೆ ಕಟ್ಟೆಯನ್ನು ತಾವೇ ಕಟ್ಟಿಸಿಕೊಡುವೆವು ಎಂದರು. ಕಾಕಾ ಟವೆಲನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡರು.

"ಉದ್ದಕ್ಕೇನ್ರೀ ಸಾಹೇಬ್ರ, ರಸ್ತಾ ಬೇಕಾದಷ್ಟು ಉದ್ದ ಐತಿ. ಸಾಲದ್ದು ತಿರುವಿನ್ಯಾಗ. ನಮ್ಮ ಹಿರ್ಯಾರು ಚಕ್ಕಡಿ ಹೊಳ್ಳಲಿ ಅಂತ ಬಿಟ್ಟ ದಾರಿ ಇದು. ಇಂಥಾವು ನಾಕ ಬಂದ್ರ ಹಪ್ಪಳ ಆಕ್ಕೈತಿ."

ಮಾತು ಅಲ್ಲಿಗೇ ನಿಲ್ಲಲಿಲ್ಲ. ಇಂಥ ಲಾರಿ ಇಲ್ಲಿ ಹೊರಳಲಾರದೆಂದು ಸಪ್ರಮಾಣವಾಗಿ ತೋರಿಸಲು ಅವರು ಒಂದು ಚಕ್ಕಡಿಗೆ ಬಿದಿರಿಗೆ ಬಿದಿರು ಜೋಡಿಸಿ ಕಟ್ಟಿ, ಊರವರೆಲ್ಲರ ಸಮ್ಮುಖದಲ್ಲಿ ತಿರುವಿಗೆ ತಂದರು. ಎತ್ತುಗಳು ಎಡಕ್ಕೆ ಹೊರಳಿದವು. ಬಿದಿರಿನ ಬಾಲ ಬಲಕ್ಕೆ ಹೊರಳಿ, ಚಹಾದ ಅಂಗಡಿಯ ತಗಡನ್ನು ಸಿಕ್ಕಿಸಿಕೊಂಡಿತು. ತಗಡು ಸಮೇತ ಚಕ್ಕಡಿ ಅಡ್ಡ ನಿಂತದ್ದರಿಂದ ಲಕ್ಷ್ಮೇಶ್ವರದ ಬಸ್ಸು ನಿಂತಿತು, ಅದರ ಹಿಂದೆ ಒಂದು ಮದುವೆಯ ದಿಬ್ಬಣವೂ ನಿಂತಿತು. ಚಹಾದ ಅಂಗಡಿಯವನು ತಲೆಯ ಮೇಲೆ ಕೈ ಹೊತ್ತಿದ್ದರೆ, ನಮ್ಮ ಕಾಕಾ ಪರಮಾನಂದದಿಂದ, "ನೋಡಿದ್ರ್ಯಾ? ಹೊಳ್ಳಂಗಿಲ್ಲ," ಎಂದರು. ತಮ್ಮ ಲಾರಿಗೆ ಹಿಂದಿನ ಗಾಲಿಗಳೂ ಬೇರೆಯಾಗಿ ಹೊರಳುತ್ತವೆಂದು ಸಾಹೇಬರು ವಿವರಿಸಲು ಹೋದಾಗ, ಹಿಂದಿನ ಗಾಲಿ ಹೊರಳುವ ಲಾರಿಯನ್ನು ದೇವರೂ ಮಾಡಿಲ್ಲವೆಂದು ಅವರನ್ನು ಕಳುಹಿಸಿಬಿಟ್ಟರು.

ಲಾರಿಯೆಂದರೆ ಪ್ರಾಣ ಬಿಡುವವರು ನೀವು, ಇದೊಂದರ ಮೇಲೆ ಇಷ್ಟು ದ್ವೇಷವೇಕೆ ಎಂದು ನಾನು ಫೋನಿನಲ್ಲಿ ಕೇಳಿದೆ. ಹಳ್ಳದ ಸೇತುವೆಯ ಬಲ, ಲೋಡಿನ ಭಾರ, ಡಾಂಬರಿನ ದಪ್ಪ ಎಲ್ಲವನ್ನೂ ಹೇಳಿದರು. ಕಟ್ಟೆಯ ಮಾತನ್ನು ಮಾತ್ರ ಎತ್ತಲಿಲ್ಲ.

ಕೊನೆಗೆ ಲಾರಿ ಬಂದೇಬಿಟ್ಟಿತು. ಚಿಗವ್ವನನ್ನು ಕಾಣಲು ನಾನು ಹೊರಟಿದ್ದ ಬಸ್ಸು ಅದರ ಹಿಂದೆಯೇ ನಿಂತದ್ದರಿಂದ, ಉಳಿದ ದಾರಿಯನ್ನು ಆ ಲಾರಿಯ ಪಕ್ಕದಲ್ಲಿ ನಡೆದೆ. ನಡೆದೆ, ನಡೆದೆ, ಲಾರಿ ಮುಗಿಯಲೊಲ್ಲದು! ಬೆಳ್ಳಗೆ, ನುಣ್ಣಗೆ, ಒಂದು ಕಡೆ ಗುಡಿಸಲು ಹಿಡಿಸುವಷ್ಟು ದಪ್ಪ, ಇನ್ನೊಂದು ಕಡೆ ಬಾಳೆಯ ಸುಳಿಯಷ್ಟು ತೆಳು. ಮನುಷ್ಯರು ಮಾಡಿದ ವಸ್ತುವೆಂದು ಬುದ್ಧಿ ಹೇಳುತ್ತಿತ್ತು, ಮನಸ್ಸು ಒಪ್ಪುತ್ತಿರಲಿಲ್ಲ. ಮುಂದೆ ಒಬ್ಬ ಚಾಲಕ. ಹಿಂದೆ ಕೊರಳಿಗೆ ಪೆಟ್ಟಿಗೆ ತೂಗುಹಾಕಿಕೊಂಡು ನೆಲದ ಮೇಲೆ ನಡೆಯುತ್ತಲೇ ಹಿಂದಿನ ಗಾಲಿಗಳನ್ನು ಹೊರಳಿಸುವ ಇನ್ನೊಬ್ಬ. ಒಬ್ಬರ ಮುಖ ಒಬ್ಬರಿಗೆ ಕಾಣದು. ದೇವರು ಮಾಡದಿದ್ದ ಲಾರಿಯನ್ನು ಯಾರೋ ಮಾಡಿಬಿಟ್ಟಿದ್ದರು.

ತಿರುವಿನಲ್ಲಿ ಲಾರಿಯ ಗಾಲಿ ಕಟ್ಟೆಯ ಮೂಗಿಗೆ ಗೇಣು ದೂರದಲ್ಲಿ ನಿಂತಿತ್ತು. ಕಾಕಾ ಬಾಯಿ ತೆರೆದು ನೋಡುತ್ತಿದ್ದರು. ಹಾಗೆ ನಾನು ಅವರನ್ನು ಕಂಡದ್ದು ಅದೇ ಮೊದಲು. ಆದರೂ ಸಾಹೇಬರು ಮತ್ತೆ ಕೇಳಿದಾಗ ತಲೆ ಅಡ್ಡಡ್ಡ ಅಲ್ಲಾಡಿತು. ಸೂರ್ಯ ನೆತ್ತಿಗೆ ಬಂದ. ಎರಡೂ ಬದಿಗೆ ವಾಹನಗಳ ಸಾಲು ಬೆಳೆಯಿತು.

ಆಗ ಚಿಗವ್ವ ನನ್ನನ್ನು ಕರೆದು, ಒಳಗಿನಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು ಮತ್ತು ಟ್ರಂಕಿನಲ್ಲಿದ್ದ ಹೊಸ ಕುಪ್ಪಸದ ಖಣವನ್ನು ತರಲು ಹೇಳಿದಳು. ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಕ್ಕಳನ್ನು ಉಡಿ, ಅಂದರೆ ಮಡಿಲು, ತುಂಬದೆ ಕಳುಹಿಸುವ ಪದ್ಧತಿಯಿಲ್ಲ. ಯಾರಿಗೆಂದು ಕೇಳಿದರೆ, ಲಾರಿಯ ಮೇಲೆ ಮಲಗಿದ್ದ ರೆಕ್ಕೆಯತ್ತ ಬೆರಳು ತೋರಿಸಿದಳು.

"ಅದು ಫ್ಯಾನಿನ ರೆಕ್ಕಿ, ಹೆಣ್ಮಗಳಲ್ಲ," ಎಂದರು ಕಾಕಾ.

"ಗುಡ್ಡಕ್ಕ ಹೋಗಿ ಬಾಳೇವು ಮಾಡಾಕಿ ಹೌದೋ ಅಲ್ಲೋ?"

"ಹೌದು."

"ಮತ್ತ? ಬಾಗಲಿಗೆ ಬಂದಾಕಿನ್ನ ಬರೀ ಉಡೀಲೆ ಕಳಸ್ತೀರೇನು?"

ಲಾರಿ ಅಷ್ಟು ಹತ್ತಿರ ನಿಂತಿದ್ದರಿಂದ ಚಿಗವ್ವ ಕಟ್ಟೆಯಿಂದ ಇಳಿಯಬೇಕಾಗಲಿಲ್ಲ. ಆದರೆ ಈ ಕನ್ಯೆಯ ಉಡಿ ಎಲ್ಲಿದೆ? ಕೂಡಿದ ಜನರಲ್ಲಿ ಸಣ್ಣ ಚರ್ಚೆಯೇ ನಡೆಯಿತು. ಚಿಗವ್ವ ಯಾರನ್ನೂ ಕೇಳದೆ ಎಲ್ಲವನ್ನೂ ಖಣದಲ್ಲಿ ಗಂಟು ಕಟ್ಟಿ, ರೆಕ್ಕೆಯನ್ನು ಬಿಗಿದಿದ್ದ ಪಟ್ಟಿಗೆ ಸಿಕ್ಕಿಸಿ, ಅರಿಷಿಣ ಕುಂಕುಮ ಹಚ್ಚಿದಳು. ಎಲ್ಲಿಯದೋ ನಾಡಿನ ಆ ಚಾಲಕ ಚಪ್ಪಲಿ ಕಳಚಿ, ಕೈಮುಗಿದು ನಿಂತಿದ್ದ.

"ಉಡಿ ತುಂಬಿದ ಮ್ಯಾಲ ಹಿಡಕೊಂಡು ನಿಂದ್ರಸಬಾರದು," ಎಂದಳು ಚಿಗವ್ವ. "ಕಟ್ಟಿ ತಗೀರಿ."

ಕಾಕಾ ಲಾರಿಯನ್ನು ನೋಡಿದರು, ಕಟ್ಟೆಯನ್ನು ನೋಡಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು: "ಮತ್ತ ನೀ ಎಲ್ಲಿ ಕುಂಡ್ರತಿ?"

ಸೇತುವೆಯ ಬಲ, ಡಾಂಬರಿನ ದಪ್ಪ, ಬಿದಿರಿನ ಚಕ್ಕಡಿ, ಇಷ್ಟು ದಿನಗಳ ಆ ವಾದವೆಲ್ಲ ಈ ಒಂದು ಪ್ರಶ್ನೆಯನ್ನು ಕೇಳಲಾರದೆ ಹೂಡಿದ್ದೇ?

"ನಾಕ ದಿನ ಪಡಸಾಲ್ಯಾಗ ಕುಂಡ್ರತೀನಿ. ಸಾಯಂಗಿಲ್ಲ ನಾ," ಎಂದಳು ಆಕೆ.

ಹಾರೆ ತಂದವರು ಬೇರೆಯವರು, ಮೊದಲ ಕಲ್ಲನ್ನು ಎಬ್ಬಿಸಿದವರು ಕಾಕಾ. ಮೂಗು ಹೋದ ಕಟ್ಟೆಯ ಪಕ್ಕದಲ್ಲಿ ಲಾರಿ ಉಸಿರು ಬಿಗಿಹಿಡಿದಂತೆ ಹೊರಳಿತು. ಹಿಂದಿನವನು ಹೆಜ್ಜೆ ಹೆಜ್ಜೆಗೂ ಗಾಲಿಗಳನ್ನು ಸರಿಸುತ್ತಿದ್ದ. ಎದುರಿನ ಕಣದಲ್ಲಿ ಒಣಹಾಕಿದ್ದ ಬ್ಯಾಡಗಿ ಮೆಣಸಿನಕಾಯಿಯ ಮೇಲೆ ರೆಕ್ಕೆಯ ತುದಿ ಹಾದುಹೋಯಿತು. ಆ ಕೆಂಪಿನ ಮೇಲೆ ಉದ್ದನೆಯ ನೆರಳು ಜಾರಿತು, ಒಂದು ಕಾಯಿಯೂ ಅಲುಗಲಿಲ್ಲ. ಕಾಕಾನ ಟವೆಲು ಹೆಗಲ ಮೇಲೆಯೇ ಇತ್ತು. ಲಾರಿ ಊರು ದಾಟುವವರೆಗೂ ಅವರು ಅದರ ಹಿಂದೆ ಬರಿಗಾಲಲ್ಲಿ ನಡೆದುಹೋದರು.

ಮರುದಿನ ಬೆಳಿಗ್ಗೆ ಕಂಪನಿಯವರು ಗೌಂಡಿಯನ್ನು ಕಳುಹಿಸಿದರು. ಕಟ್ಟೆಯನ್ನು ಮೊದಲಿನಷ್ಟೇ ಎತ್ತರಕ್ಕೆ ಕಟ್ಟಲು ಅವನು ದಾರ ಹಿಡಿದ. ಕಾಕಾ ಅವನನ್ನು ತಡೆದು, ಕಿತ್ತಿಟ್ಟಿದ್ದ ಚಪ್ಪಡಿಗಳನ್ನು ಒಂದರ ಮೇಲೊಂದು ಪೇರಿಸಿದರು. ಚಿಗವ್ವನನ್ನು ರಟ್ಟೆ ಹಿಡಿದು ಕರೆತಂದು ಅವುಗಳ ಮೇಲೆ ಕೂರಿಸಿದರು. ಆಕೆಯ ಕಾಲುಗಳು ಗಾಳಿಯಲ್ಲಿ ತೂಗಿದವು. ಆಕೆಯನ್ನು ಎಬ್ಬಿಸಿ ನಿಲ್ಲಿಸಿ, ಒಂದು ಚಪ್ಪಡಿಯನ್ನು ತೆಗೆದರು. ಮತ್ತೆ ಕೂರಿಸಿದರು. ಮತ್ತೊಂದನ್ನು ತೆಗೆದರು. ಕೊನೆಗೆ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಆಕೆಯ ಪಾದಗಳೆರಡನ್ನೂ ಕೈಯಿಂದ ಹಿಡಿದು ಮಣ್ಣಿನ ಮೇಲೆ ಇಟ್ಟರು.

"ನೆಲಾ ಹತ್ತಿತೇನು?"

"ಹತ್ತಿತು."

ಕಾಕಾ ಪಾದಗಳಿಂದ ಕೈ ತೆಗೆಯದೆಯೇ ಗೌಂಡಿಗೆ ಹೇಳಿದರು: "ಇಷ್ಟ ಎತ್ತರ ಇರ್ಲಿ."